ಲಿಂಕ್ ಇದೆ, ಸಂಪರ್ಕ ಮಾತ್ರ ಇಲ್ಲ: ವರ್ಚುವಲ್ ಕನೆಕ್ಟ್ ಮೂಲಕ ನಡೆಯುವ ಬ್ಲೇಡ್ ಸರ್ವರ್‌ಗಳಲ್ಲಿ ನೆಟ್‌ವರ್ಕ್ ದೋಷ ಪತ್ತೆ

ಬ್ಲೇಡ್ ಸರ್ವರ್‌ನ ಆಪರೇಟಿಂಗ್ ಸಿಸ್ಟಂ ನೆಟ್‌ವರ್ಕ್ ಕಾರ್ಡನ್ನು ‘ಅಪ್’ ಎಂದೇ ತೋರಿಸುತ್ತಿರುತ್ತದೆ, ಐಪಿ ವಿಳಾಸವೂ ಸಬ್‌ನೆಟ್ ಮಾಸ್ಕೂ ಸರಿಯಾಗಿರುತ್ತವೆ, ಆದರೂ ಗೇಟ್‌ವೇಗೆ ಪಿಂಗ್ ಹೋಗುವುದಿಲ್ಲ. ಸಾಮಾನ್ಯ ರ್‍ಯಾಕ್ ಸರ್ವರ್ ಆಗಿದ್ದರೆ ಲಿಂಕ್ ಇದೆ ಎಂದಮೇಲೆ ಕೇಬಲ್ಲೂ ಸ್ವಿಚ್ಚಿನ ಪೋರ್ಟೂ ಬದುಕಿವೆ ಎಂದು ಧೈರ್ಯವಾಗಿ ಹೇಳಬಹುದು. ಬ್ಲೇಡ್‌ನಲ್ಲಿ ಹಾಗೆ ಹೇಳಲು ಬರುವುದಿಲ್ಲ. ಬ್ಲೇಡ್‌ನ ನೆಟ್‌ವರ್ಕ್ ಕಾರ್ಡ್ ಸೇರಿಕೊಂಡಿರುವುದು ಎನ್‌ಕ್ಲೋಷರ್‌ನ (ಹಲವು ಬ್ಲೇಡ್‌ಗಳನ್ನು ಸಿಕ್ಕಿಸುವ ಪೆಟ್ಟಿಗೆಯ) ಹಿಂಬದಿಯ ಇಂಟರ್‌ಕನೆಕ್ಟ್ ಮಾಡ್ಯೂಲಿಗೆ, ಅದೂ ಕೇಬಲ್ ಮೂಲಕವಲ್ಲ, ಪೆಟ್ಟಿಗೆಯ ನಡುವಿನ ಸರ್ಕ್ಯೂಟ್ ಫಲಕವಾದ ಮಿಡ್‌ಪ್ಲೇನ್ ಮೂಲಕ. ಮಾಡ್ಯೂಲಿಗೆ ವಿದ್ಯುತ್ ಇದ್ದು, ಆ ಸರ್ವರ್‌ಗೆ ಒಂದು ನೆಟ್‌ವರ್ಕ್ ಹಂಚಿಕೆಯಾಗಿದ್ದರೆ ಸಾಕು, ಹೊರಗಿನ ಕೇಬಲ್ಲನ್ನು ಪೂರ್ತಿ ಕಿತ್ತಿಟ್ಟರೂ ಒಳಗಿನ ಲಿಂಕ್ ಹಾಗೆಯೇ ಉಳಿಯಬಲ್ಲದು. ಈ ಬಗೆಯ ದೂರುಗಳಲ್ಲಿ ಹೆಚ್ಚಿನವು ಇಷ್ಟು ಸಂಗತಿಯನ್ನು ಮರೆತು ಹುಡುಕಾಟ ಶುರುಮಾಡುವುದರಿಂದಲೇ ಬೆಳೆಯುತ್ತವೆ.

ಈ ಬರಹದಲ್ಲಿ ಎಚ್‌ಪಿ ಬ್ಲೇಡ್‌ಸಿಸ್ಟಂ ಸಿ7000 ಎನ್‌ಕ್ಲೋಷರ್, ಅದರಲ್ಲಿನ ವರ್ಚುವಲ್ ಕನೆಕ್ಟ್ ಫ್ಲೆಕ್ಸ್-10 ಮತ್ತು ಫ್ಲೆಕ್ಸ್‌ಫ್ಯಾಬ್ರಿಕ್ ಮಾಡ್ಯೂಲುಗಳು (ಮೇಲೆ ಹೇಳಿದ ಇಂಟರ್‌ಕನೆಕ್ಟ್ ಮಾಡ್ಯೂಲುಗಳು ಇವೇ), ಮತ್ತು ಅವುಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವರ್ಚುವಲ್ ಕನೆಕ್ಟ್ ಮ್ಯಾನೇಜರ್ ಇವುಗಳನ್ನು ಎದುರಿಗಿಟ್ಟುಕೊಂಡಿದೆ. ಮ್ಯಾನೇಜರ್‌ಗೆ ಎರಡು ಬಾಗಿಲುಗಳಿವೆ: ಬ್ರೌಸರ್‌ನಲ್ಲಿ ತೆರೆಯುವ ಪರದೆ ಒಂದು, ಎಸ್‌ಎಸ್‌ಎಚ್ ಮೂಲಕ ಸಿಗುವ ಕಮಾಂಡ್ ಲೈನ್ ಇನ್ನೊಂದು. ಕಮಾಂಡುಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಫರ್ಮ್‌ವೇರ್ ಆವೃತ್ತಿ ಬದಲಾದಂತೆ ಪರದೆಯ ಮೇಲಿನ ಪದಗಳು ತುಸು ಆಚೀಚೆ ಆಗಬಹುದು, ಹುಡುಕುವ ಕ್ರಮ ಬದಲಾಗುವುದಿಲ್ಲ.

ಪ್ಯಾಕೆಟ್ ಹಾಯುವ ದಾರಿ

ಸಿ7000 ಎನ್‌ಕ್ಲೋಷರ್‌ನಲ್ಲಿ ಅರ್ಧ ಎತ್ತರದ 16 ಬ್ಲೇಡ್‌ಗಳಿಗೆ ಜಾಗವಿದೆ, ಹಿಂಬದಿಯಲ್ಲಿ 8 ಇಂಟರ್‌ಕನೆಕ್ಟ್ ಬೇಗಳಿವೆ, ಅಂದರೆ ಮಾಡ್ಯೂಲ್ ಕೂರಿಸುವ ಗೂಡುಗಳು. ಅರ್ಧ ಎತ್ತರದ ಬ್ಲೇಡ್‌ನ ಮದರ್‌ಬೋರ್ಡ್‌ನಲ್ಲಿರುವ ಎರಡು ಪೋರ್ಟ್‌ಗಳಲ್ಲಿ ಮೊದಲನೆಯದು ಬೇ 1ಕ್ಕೆ, ಎರಡನೆಯದು ಬೇ 2ಕ್ಕೆ ಹೋಗುತ್ತದೆ. ಬ್ಲೇಡ್‌ಗೆ ಹೆಚ್ಚುವರಿಯಾಗಿ ಹಾಕುವ ಮೊದಲ ಮೆಜನೈನ್ ಕಾರ್ಡ್ ಬೇ 3 ಮತ್ತು 4ಕ್ಕೆ ಹೋಗುತ್ತದೆ. ಫ್ಲೆಕ್ಸ್-10ರಲ್ಲಿ 10 ಗಿಗಾಬಿಟ್‌ನ ಒಂದೊಂದು ಪೋರ್ಟೂ ಎ, ಬಿ, ಸಿ, ಡಿ ಎಂಬ ನಾಲ್ಕು ಫ್ಲೆಕ್ಸ್‌ನಿಕ್‌ಗಳಾಗಿ ಒಡೆಯುತ್ತದೆ, ಆಪರೇಟಿಂಗ್ ಸಿಸ್ಟಂಗೆ ಅವು ನಾಲ್ಕು ಬೇರೆ ಬೇರೆ ಕಾರ್ಡ್‌ಗಳಂತೆ ಕಾಣುತ್ತವೆ. ಫ್ಲೆಕ್ಸ್‌ಫ್ಯಾಬ್ರಿಕ್‌ನಲ್ಲಾದರೆ ಆ ನಾಲ್ಕರಲ್ಲಿ ಒಂದನ್ನು ಸ್ಟೋರೇಜ್‌ಗೆ ಬಿಟ್ಟುಕೊಡಬಹುದು. ಒಂದು ಫ್ಲೆಕ್ಸ್‌ನಿಕ್‌ಗೆ 100 ಮೆಗಾಬಿಟ್‌ನಿಂದ 10 ಗಿಗಾಬಿಟ್‌ವರೆಗೆ, 100 ಮೆಗಾಬಿಟ್‌ನ ಹೆಜ್ಜೆಗಳಲ್ಲಿ ವೇಗ ನಿಗದಿ ಮಾಡಲು ಬರುತ್ತದೆ. ಹಾಗಾಗಿ ಲಿನಕ್ಸ್‌ನಲ್ಲಿ ‘ಎಥ್‌ಟೂಲ್’ ಓಡಿಸಿದಾಗ 2500 ಎಂಬ ವಿಚಿತ್ರ ವೇಗ ಕಂಡರೆ ಗಾಬರಿಯಾಗಬೇಕಾಗಿಲ್ಲ. ಯಾರೋ ಆ ಫ್ಲೆಕ್ಸ್‌ನಿಕ್‌ಗೆ 2.5 ಗಿಗಾಬಿಟ್ ಕೊಟ್ಟಿದ್ದಾರೆ ಎಂದಷ್ಟೇ ಅದರ ಅರ್ಥ.

ಒಂದು ಬ್ಲೇಡ್‌ನ ನೆಟ್‌ವರ್ಕ್ ಹೊಂದಿಕೆಗಳನ್ನು ಬರೆದಿಟ್ಟ ಸರ್ವರ್ ಪ್ರೊಫೈಲ್‌ನಲ್ಲಿ ಪ್ರತಿ ಫ್ಲೆಕ್ಸ್‌ನಿಕ್‌ಗೂ ಒಂದು ನೆಟ್‌ವರ್ಕ್ ಅಥವಾ ಹಲವು ನೆಟ್‌ವರ್ಕ್‌ಗಳನ್ನು ಹಂಚಿರುತ್ತಾರೆ. ಆ ನೆಟ್‌ವರ್ಕ್ ಒಂದು ವಿಲ್ಯಾನ್ (ಒಂದೇ ಕೇಬಲ್ಲಿನಲ್ಲಿ ಬೇರೆಬೇರೆಯಾಗಿ ಸಾಗುವ ತಾರ್ಕಿಕ ಜಾಲ) ಸಂಖ್ಯೆಯೊಂದಿಗೆ ಶೇರ್ಡ್ ಅಪ್‌ಲಿಂಕ್ ಸೆಟ್‌ಗೆ ಸೇರಿರುತ್ತದೆ. ಆ ಸೆಟ್‌ನಲ್ಲಿ ಕೆಲವು ಅಪ್‌ಲಿಂಕ್ ಪೋರ್ಟ್‌ಗಳಿರುತ್ತವೆ, ಅವುಗಳ ಕೇಬಲ್ ಹೊರಗಿನ ಸ್ವಿಚ್‌ಗೆ ಹೋಗುತ್ತದೆ, ಸ್ವಿಚ್ಚಿನ ಆ ಪೋರ್ಟ್‌ನಲ್ಲಿ ಅದೇ ವಿಲ್ಯಾನ್‌ಗೆ ಅನುಮತಿ ಇರಬೇಕು. ಪ್ರೊಫೈಲ್, ನೆಟ್‌ವರ್ಕ್, ಅಪ್‌ಲಿಂಕ್ ಸೆಟ್, ಅಪ್‌ಲಿಂಕ್ ಪೋರ್ಟ್, ಸ್ವಿಚ್: ದೋಷ ಈ ಐದರಲ್ಲಿ ಎಲ್ಲೋ ಒಂದು ಕಡೆ ಕೂತಿರುತ್ತದೆ, ಮತ್ತು ಅದನ್ನು ಹೊರಗಿನಿಂದ ಒಳಕ್ಕೆ ಹುಡುಕಿಕೊಂಡು ಬರುವುದೇ ಜಾಣತನ. ಪ್ರೊಫೈಲ್‌ನಿಂದ ಶುರುಮಾಡಬಾರದು ಎನ್ನುವುದಕ್ಕೆ ಬಲವಾದ ಕಾರಣವಿದೆ. ಪ್ರೊಫೈಲ್ ಕಳಚಿ ಮತ್ತೆ ಹಚ್ಚಬೇಕೆಂದರೆ ಸರ್ವರನ್ನು ಆಫ್ ಮಾಡಬೇಕು. ಓಡುತ್ತಿದ್ದ ಸರ್ವರ್ ಆರಿದ ಮೇಲೆ ಅದರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಎಲ್ಲಿ ದಾಖಲಾಗಿತ್ತು, ಕೌಂಟರ್‌ಗಳು ಎಷ್ಟಾಗಿದ್ದವು ಎಂಬ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಅಷ್ಟೆಲ್ಲ ಮಾಡಿದರೂ ದೋಷ ಸ್ವಿಚ್‌ನಲ್ಲೇ ಇದ್ದರೆ ಸರ್ವರ್ ಮತ್ತೆ ಅದೇ ಸ್ಥಿತಿಯಲ್ಲಿ ಏಳುತ್ತದೆ.

ಮೊದಲು ಪಕ್ಕದ ಬ್ಲೇಡ್‌ಗೆ ಪಿಂಗ್ ಮಾಡಿ

ಯಾವ ಪರದೆಯನ್ನೂ ತೆರೆಯುವ ಮೊದಲು ಮಾಡಬಹುದಾದ ಒಂದು ಪರೀಕ್ಷೆ ಅರ್ಧ ಕೆಲಸವನ್ನು ಮುಗಿಸಿಕೊಡುತ್ತದೆ. ಅದೇ ಎನ್‌ಕ್ಲೋಷರ್‌ನಲ್ಲಿ, ಅದೇ ವರ್ಚುವಲ್ ಕನೆಕ್ಟ್ ನೆಟ್‌ವರ್ಕ್‌ನಲ್ಲಿ ಇರುವ ಇನ್ನೊಂದು ಬ್ಲೇಡ್‌ಗೆ ಪಿಂಗ್ ಮಾಡಿ ನೋಡಬೇಕು. ಒಂದೇ ನೆಟ್‌ವರ್ಕ್‌ನ ಬ್ಲೇಡ್‌ಗಳ ನಡುವಿನ ಮಾತುಕತೆ ಮಾಡ್ಯೂಲಿನೊಳಗೇ ಮುಗಿದುಹೋಗುತ್ತದೆ, ಹೊರಗಿನ ಸ್ವಿಚ್‌ವರೆಗೆ ಹೋಗುವುದೇ ಇಲ್ಲ. ಪಕ್ಕದ ಬ್ಲೇಡ್ ಉತ್ತರಿಸಿ ಗೇಟ್‌ವೇ ಮಾತ್ರ ಉತ್ತರಿಸದಿದ್ದರೆ ಪ್ರೊಫೈಲ್, ಡ್ರೈವರ್, ಮಿಡ್‌ಪ್ಲೇನ್ ಇವೆಲ್ಲ ನಿರ್ದೋಷಿಗಳು. ಹುಡುಕಬೇಕಾದದ್ದು ಅಪ್‌ಲಿಂಕ್‌ನಲ್ಲಿ ಅಥವಾ ಸ್ವಿಚ್‌ನಲ್ಲಿ. ಎರಡೂ ಉತ್ತರಿಸದಿದ್ದರೆ ಒಳಗಿನ ಟ್ಯಾಗ್ (ಪ್ಯಾಕೆಟ್‌ಗೆ ಅಂಟಿಸುವ ವಿಲ್ಯಾನ್ ಸಂಖ್ಯೆ) ಅಥವಾ ಪ್ರೊಫೈಲ್ ಕಡೆಗೆ ಅನುಮಾನ ತಿರುಗಬೇಕು. ಇದಕ್ಕೆ ಎರಡು ಅಪವಾದಗಳಿವೆ. ನೆಟ್‌ವರ್ಕ್‌ಗೆ ‘ಪ್ರೈವೇಟ್ ನೆಟ್‌ವರ್ಕ್’ ಆಯ್ಕೆ ಹಾಕಿದ್ದರೆ ಬ್ಲೇಡ್‌ಗಳು ಒಂದಕ್ಕೊಂದು ಕಾಣದಂತೆ ಬೇಕೆಂದೇ ತಡೆದಿರುತ್ತಾರೆ. ಬೇ 1 ಮತ್ತು ಬೇ 2ಕ್ಕೆ ಬೇರೆ ಬೇರೆ ಅಪ್‌ಲಿಂಕ್ ಸೆಟ್ ಮಾಡಿ, ಒಂದೇ ವಿಲ್ಯಾನ್‌ಗೆ ಎರಡು ನೆಟ್‌ವರ್ಕ್ ಹೆಸರುಗಳನ್ನು ಇಟ್ಟುಕೊಂಡ ವಿನ್ಯಾಸದಲ್ಲಾದರೆ, ಒಂದು ಬ್ಲೇಡ್ ಬೇ 1ರ ಕಡೆಯ ಕಾರ್ಡನ್ನೂ ಇನ್ನೊಂದು ಬೇ 2ರ ಕಡೆಯ ಕಾರ್ಡನ್ನೂ ಬಳಸುತ್ತಿದ್ದರೆ ಅವುಗಳ ಪಿಂಗ್ ಹೊರಗಿನ ಸ್ವಿಚ್ ಸುತ್ತಿಕೊಂಡೇ ಬರಬೇಕು.

ಪರದೆ ಯಾವುದಕ್ಕೆ, ಕಮಾಂಡ್ ಲೈನ್ ಯಾವುದಕ್ಕೆ

ಬ್ರೌಸರ್ ಪರದೆ ಸಂಬಂಧಗಳನ್ನು ತೋರಿಸುವುದರಲ್ಲಿ ಗಟ್ಟಿ: ಯಾವ ಪ್ರೊಫೈಲ್ ಯಾವ ಬೇಯಲ್ಲಿದೆ, ಅದಕ್ಕೆ ಯಾವ ನೆಟ್‌ವರ್ಕ್, ಆ ನೆಟ್‌ವರ್ಕ್ ಯಾವ ಅಪ್‌ಲಿಂಕ್ ಸೆಟ್‌ಗೆ ಸೇರಿದೆ ಎಂಬುದನ್ನು ಕ್ಲಿಕ್ ಮಾಡುತ್ತ ಹಿಂಬಾಲಿಸಬಹುದು. ಅಪ್‌ಲಿಂಕ್ ಸೆಟ್ ಪುಟದಲ್ಲಿ ‘ಕನೆಕ್ಟೆಡ್ ಟು’ ಎಂಬ ಕಾಲಂ ಇದೆ. ಹೊರಗಿನ ಸ್ವಿಚ್‌ನಲ್ಲಿ ಎಲ್‌ಎಲ್‌ಡಿಪಿ (ಉಪಕರಣಗಳು ಪಕ್ಕದವಕ್ಕೆ ತಮ್ಮ ಗುರುತು ಹೇಳಿಕೊಳ್ಳುವ ಪ್ರೋಟೋಕಾಲ್) ಚಾಲೂ ಇದ್ದರೆ ಆ ಕೇಬಲ್ಲಿನ ಇನ್ನೊಂದು ತುದಿ ಯಾವ ಸ್ವಿಚ್ಚಿನಲ್ಲಿದೆ ಎಂಬುದು ಅಲ್ಲಿಯೇ ಸಿಗುತ್ತದೆ. ಕೇಬಲ್ ಚೀಟಿಗಳನ್ನು ನಂಬುವುದಕ್ಕಿಂತ ಈ ಕಾಲಂ ನಂಬುವುದು ಮೇಲು. ಆದರೆ ಹತ್ತಾರು ಪ್ರೊಫೈಲ್‌ಗಳನ್ನು ಹೋಲಿಸಬೇಕಾದಾಗ, ಈ ಹೊತ್ತಿನ ಸ್ಥಿತಿಯನ್ನು ಕಡತಕ್ಕೆ ಉಳಿಸಿಟ್ಟು ಅರ್ಧ ಗಂಟೆಯ ನಂತರದ ಸ್ಥಿತಿಯೊಡನೆ ಇಟ್ಟು ನೋಡಬೇಕಾದಾಗ ಪರದೆ ಸೋಲುತ್ತದೆ. ಅಲ್ಲಿ ಕಮಾಂಡ್ ಲೈನ್ ಬೇಕು. ಟರ್ಮಿನಲ್ ತಂತ್ರಾಂಶದಲ್ಲಿ ಲಾಗ್ ಉಳಿಸುವ ಸೌಲಭ್ಯವನ್ನು ಮೊದಲು ಚಾಲೂ ಮಾಡಿಕೊಂಡು, ನಂತರ ‘ಶೋ ಸ್ಟೇಟಸ್’, ‘ಶೋ ಇಂಟರ್‌ಕನೆಕ್ಟ್’, ‘ಶೋ ಅಪ್‌ಲಿಂಕ್‌ಪೋರ್ಟ್’, ‘ಶೋ ನೆಟ್‌ವರ್ಕ್’, ‘ಶೋ ಪ್ರೊಫೈಲ್’, ‘ಶೋ ಸಿಸ್ಟಂಲಾಗ್’ ಇವಿಷ್ಟನ್ನು ಓಡಿಸಿದರೆ ಮುಟ್ಟುವ ಮೊದಲಿನ ಚಿತ್ರ ಕೈಯಲ್ಲಿ ಉಳಿಯುತ್ತದೆ. ಏನನ್ನಾದರೂ ಬದಲಿಸಿದ ಮೇಲೆ ‘ಮೊದಲು ಹೇಗಿತ್ತು’ ಎಂದು ಕೇಳುವವರು ಯಾವಾಗಲೂ ಇರುತ್ತಾರೆ.

ಮ್ಯಾನೇಜರ್ ನಡೆಯುವುದು ಬೇರೊಂದು ಸರ್ವರ್‌ನಲ್ಲಲ್ಲ, ವರ್ಚುವಲ್ ಕನೆಕ್ಟ್ ಈಥರ್‌ನೆಟ್ ಮಾಡ್ಯೂಲಿನೊಳಗೇ. ಸಾಮಾನ್ಯವಾಗಿ ಬೇ 1ರಲ್ಲಿರುವುದು ಮುಖ್ಯ ಪ್ರತಿ, ಬೇ 2ರಲ್ಲಿರುವುದು ಕಾದುಕೊಂಡಿರುವ ಪ್ರತಿ. ಡೊಮೇನ್‌ಗೆ (ಒಂದು ಮ್ಯಾನೇಜರ್ ನಿರ್ವಹಿಸುವ ಮಾಡ್ಯೂಲುಗಳ ಸಮೂಹಕ್ಕೆ) ಪ್ರತ್ಯೇಕ ಐಪಿ ವಿಳಾಸ ಕೊಟ್ಟಿದ್ದರೆ ಅದು ಮುಖ್ಯ ಪ್ರತಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಹಾಗಾಗಿ ಮಾಡ್ಯೂಲಿನ ಸ್ವಂತ ವಿಳಾಸಕ್ಕಿಂತ ಡೊಮೇನ್ ವಿಳಾಸಕ್ಕೇ ಲಾಗಿನ್ ಆಗುವ ಅಭ್ಯಾಸ ಒಳ್ಳೆಯದು.

ಅಪ್‌ಲಿಂಕ್ ಸ್ಥಿತಿಯನ್ನು ಓದುವುದು

‘ಶೋ ಅಪ್‌ಲಿಂಕ್‌ಪೋರ್ಟ್’ ಕೊಡುವ ಪಟ್ಟಿಯಲ್ಲಿ ಪ್ರತಿ ಪೋರ್ಟ್‌ನ ಗುರುತು ‘ಎನ್‌ಕ್0:1:ಎಕ್ಸ್5’ ಎಂಬ ರೂಪದಲ್ಲಿರುತ್ತದೆ: ಎನ್‌ಕ್ಲೋಷರ್, ಬೇ, ಪೋರ್ಟ್. ಅದರ ಮುಂದಿನ ಸ್ಥಿತಿಯನ್ನು ನಿಧಾನವಾಗಿ ಓದಬೇಕು. ‘ಲಿಂಕ್ಡ್-ಆಕ್ಟಿವ್’ ಎಂದಿರುವ ಪೋರ್ಟ್‌ಗಳಲ್ಲಿ ಮಾತ್ರ ಸಂಚಾರ ನಡೆಯುತ್ತದೆ. ‘ಲಿಂಕ್ಡ್-ಸ್ಟ್ಯಾಂಡ್‌ಬೈ’ ಎಂದರೆ ಕೇಬಲ್ ಜೀವಂತವಾಗಿದೆ, ಆದರೆ ಮಾಡ್ಯೂಲ್ ಅದನ್ನು ಸದ್ಯಕ್ಕೆ ಬಳಸುತ್ತಿಲ್ಲ. ‘ನಾಟ್ ಲಿಂಕ್ಡ್’ ಎಂದರೆ ಭೌತಿಕ ಸಂಪರ್ಕವೇ ಇಲ್ಲ; ಫೈಬರ್, ಎಸ್‌ಎಫ್‌ಪಿ (ಪೋರ್ಟ್‌ಗೆ ಚುಚ್ಚುವ ಪುಟ್ಟ ಟ್ರಾನ್ಸೀವರ್), ಎದುರಿನ ಪೋರ್ಟ್ ‘ಶಟ್‌ಡೌನ್’ ಆಗಿರುವುದು ಇವನ್ನು ನೋಡಬೇಕು. ಮಾಡ್ಯೂಲ್ ಬೆಂಬಲಿಸದ ಎಸ್‌ಎಫ್‌ಪಿ ಹಾಕಿದ್ದರೂ ಪೋರ್ಟ್ ಏಳುವುದಿಲ್ಲ. ಫ್ಲೆಕ್ಸ್‌ಫ್ಯಾಬ್ರಿಕ್‌ನಲ್ಲಿ ಎಕ್ಸ್1ರಿಂದ ಎಕ್ಸ್4ರವರೆಗಿನ ಪೋರ್ಟ್‌ಗಳು ಸ್ಟೋರೇಜ್‌ನ ಫೈಬರ್ ಚಾನೆಲ್‌ಗೂ ಆಗುತ್ತವೆ, ಈಥರ್‌ನೆಟ್‌ಗೂ ಆಗುತ್ತವೆ ಎಂಬುದನ್ನು ಮರೆತು, ಒಂದಕ್ಕೆ ಸೇರಿದ ಎಸ್‌ಎಫ್‌ಪಿಯನ್ನು ಇನ್ನೊಂದಕ್ಕೆ ಹಂಚಿದ ಪೋರ್ಟ್‌ಗೆ ಚುಚ್ಚಿರುವುದೂ ಉಂಟು. ಎಕ್ಸ್7 ಮತ್ತು ಎಕ್ಸ್8 ಪಕ್ಕದ ಬೇಗೆ ಹೋಗುವ ಒಳಗಿನ ಸ್ಟ್ಯಾಕಿಂಗ್ ಲಿಂಕ್‌ನೊಂದಿಗೆ ಜಾಗ ಹಂಚಿಕೊಳ್ಳುತ್ತವೆ ಎಂಬುದನ್ನೂ ನೆನಪಿಡಬೇಕು.

ಸ್ಟ್ಯಾಂಡ್‌ಬೈ ಕಂಡ ಕೂಡಲೇ ಅದನ್ನು ದೋಷವೆಂದು ತಿಳಿಯಬಾರದು. ಒಂದು ಲಿಂಕ್ ಗುಂಪು ಒಂದೇ ಮಾಡ್ಯೂಲಿನ ಪೋರ್ಟ್‌ಗಳಿಂದ ಮಾತ್ರ ರೂಪುಗೊಳ್ಳುತ್ತದೆ, ಎರಡು ಮಾಡ್ಯೂಲುಗಳ ಪೋರ್ಟ್‌ಗಳು ಸೇರಿ ಒಂದೇ ಗುಂಪಾಗಲಾರವು. ಒಂದೇ ಅಪ್‌ಲಿಂಕ್ ಸೆಟ್‌ನಲ್ಲಿ ಬೇ 1ರ ಎರಡು, ಬೇ 2ರ ಎರಡು ಪೋರ್ಟ್ ಹಾಕಿದ್ದರೆ ಒಂದು ಜೋಡಿ ಆಕ್ಟಿವ್, ಇನ್ನೊಂದು ಜೋಡಿ ಸ್ಟ್ಯಾಂಡ್‌ಬೈ ಆಗಿರುವುದು ವಿನ್ಯಾಸದ ಪ್ರಕಾರವೇ ಸರಿ. ಆದರೆ ಒಂದೇ ಬೇಯ ಎರಡು ಪೋರ್ಟ್‌ಗಳಲ್ಲಿ ಒಂದು ಆಕ್ಟಿವ್, ಇನ್ನೊಂದು ಸ್ಟ್ಯಾಂಡ್‌ಬೈ ಎಂದು ಕಂಡರೆ, ಮತ್ತು ಸೆಟ್‌ನ ಕನೆಕ್ಷನ್ ಮೋಡ್ ‘ಆಟೋ’ ಆಗಿದ್ದರೆ, ಎಲ್‌ಎಸಿಪಿ (ಹಲವು ಲಿಂಕ್‌ಗಳನ್ನು ಒಂದು ಗುಂಪಾಗಿಸಲು ಎರಡು ತುದಿಗಳು ನಡೆಸುವ ಮಾತುಕತೆ) ಕೂಡಿಬಂದಿಲ್ಲ ಎಂದೇ ತಿಳಿಯಬೇಕು. ಮೋಡ್ ‘ಫೇಲ್‌ಓವರ್’ ಆಗಿದ್ದರೆ ಒಂದೇ ಲಿಂಕ್ ಆಕ್ಟಿವ್ ಆಗಿರುವುದು ಸಹಜ.

ಎಲ್‌ಎಸಿಪಿ ಕೂಡದಿರುವುದಕ್ಕೆ ಕಾರಣ ಬಹುತೇಕ ಸ್ವಿಚ್‌ನ ಕಡೆ ಇರುತ್ತದೆ. ವರ್ಚುವಲ್ ಕನೆಕ್ಟ್ ಎಲ್‌ಎಸಿಪಿಯನ್ನೇ ಮಾತಾಡುತ್ತದೆ. ಸ್ವಿಚ್‌ನಲ್ಲಿ ಚಾನೆಲ್ ಗುಂಪನ್ನು ಮಾತುಕತೆಯೇ ಇಲ್ಲದ ‘ಆನ್’ ಮೋಡ್‌ನಲ್ಲಿ ಇಟ್ಟಿದ್ದರೆ ಮಾಡ್ಯೂಲಿಗೆ ಎದುರಿನಿಂದ ಉತ್ತರ ಬರುವುದಿಲ್ಲ, ಅದು ಒಂದೇ ಲಿಂಕನ್ನು ಬಳಸುತ್ತದೆ. ಸ್ವಿಚ್ ಮಾತ್ರ ಎರಡೂ ಲಿಂಕ್‌ಗಳು ಗುಂಪಿನಲ್ಲಿವೆ ಎಂದು ನಂಬಿ ಅರ್ಧ ಪ್ಯಾಕೆಟ್‌ಗಳನ್ನು ಮಾಡ್ಯೂಲ್ ಗಮನಿಸದ ಲಿಂಕ್‌ಗೆ ಕಳಿಸುತ್ತಿರುತ್ತದೆ. ಇದರ ಲಕ್ಷಣ ಬಲು ಗೊಂದಲದ್ದು: ಕೆಲವು ಕ್ಲೈಂಟ್‌ಗಳಿಗೆ ಸರ್ವರ್ ಸಿಗುತ್ತದೆ, ಕೆಲವಕ್ಕೆ ಸಿಗುವುದೇ ಇಲ್ಲ, ಸಿಗುವವರಿಗೆ ಯಾವಾಗಲೂ ಸಿಗುತ್ತದೆ. ಸಿಸ್ಕೊ ಸ್ವಿಚ್ಚಾದರೆ ‘ಶೋ ಈಥರ್‌ಚಾನೆಲ್ ಸಮರಿ’ ಓಡಿಸಿ, ಪ್ರತಿ ಪೋರ್ಟ್‌ನ ಪಕ್ಕ ಆವರಣದಲ್ಲಿರುವ ಅಕ್ಷರ ನೋಡಬೇಕು. ‘ಪಿ’ ಎಂದರೆ ಗುಂಪಿಗೆ ಸೇರಿದೆ, ‘ಐ’ ಎಂದರೆ ಒಂಟಿಯಾಗಿ ನಿಂತಿದೆ, ಸಣ್ಣ ಅಕ್ಷರದ ‘ಎಸ್’ ಎಂದರೆ ಅಮಾನತಿನಲ್ಲಿದೆ. ‘ಪಿ’ ಇದ್ದರೂ ಪ್ರೋಟೋಕಾಲ್ ಕಾಲಂನಲ್ಲಿ ಎಲ್‌ಎಸಿಪಿ ಎಂದಿಲ್ಲದಿದ್ದರೆ ಅದು ‘ಆನ್’ ಮೋಡ್‌ನ ಸುಳ್ಳು ಸಮಾಧಾನ. ಮೋಡನ್ನು ‘ಆಕ್ಟಿವ್’ ಮಾಡಿದರೆ ಗುಂಪು ಕೂಡುತ್ತದೆ. ಒಂದೇ ಬೇಯ ಎರಡು ಕೇಬಲ್‌ಗಳು ಎರಡು ಬೇರೆ ಸ್ವಿಚ್‌ಗಳಿಗೆ ಹೋಗಿದ್ದರೂ, ಆ ಸ್ವಿಚ್‌ಗಳು ವಿಪಿಸಿ, ವಿಎಸ್‌ಎಸ್ ಅಥವಾ ಐಆರ್‌ಎಫ್‌ನಂಥ ತಂತ್ರದಿಂದ ಒಂದಾಗಿಲ್ಲದಿದ್ದರೆ ಗುಂಪು ಕೂಡುವುದಿಲ್ಲ.

ಸ್ಟ್ಯಾಂಡ್‌ಬೈ ದಾರಿಯಲ್ಲಿ ಕಾಣೆಯಾದ ವಿಲ್ಯಾನ್

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಒಂದೇ ಅಪ್‌ಲಿಂಕ್ ಸೆಟ್. ಬೇ 1ರ ಎಕ್ಸ್5, ಎಕ್ಸ್6 ಮೊದಲ ಸ್ವಿಚ್‌ಗೆ, ಬೇ 2ರ ಎಕ್ಸ್5, ಎಕ್ಸ್6 ಎರಡನೆಯ ಸ್ವಿಚ್‌ಗೆ. ವಿಲ್ಯಾನ್ 110, 120, 130. ತಿಂಗಳುಗಟ್ಟಲೆ ಸುಸೂತ್ರವಾಗಿ ನಡೆದಿದ್ದ ವ್ಯವಸ್ಥೆ. ಮೊದಲ ಸ್ವಿಚ್‌ಗೆ ರಾತ್ರಿ ತಂತ್ರಾಂಶ ಏರಿಸಿ ರೀಬೂಟ್ ಮಾಡಿದರು; ಬೆಳಿಗ್ಗೆ 120ರಲ್ಲಿದ್ದ ಬ್ಲೇಡ್‌ಗಳೆಲ್ಲ ಹೊರಗಿನಿಂದ ಸಿಗದಾದವು, 110 ಮತ್ತು 130ರವು ನೆಟ್ಟಗಿವೆ. ಸ್ವಿಚ್ ವಾಪಸ್ ಬಂದು ಗಂಟೆಗಳಾಗಿವೆ, ಆದ್ದರಿಂದ ‘ಸ್ವಿಚ್ ಸರಿಯಿದೆ, ಬ್ಲೇಡ್ ನೋಡಿ’ ಎಂಬ ಮಾತು ನೆಟ್‌ವರ್ಕ್ ತಂಡದಿಂದ ಬಂದಿದೆ.

120ರ ಬ್ಲೇಡ್‌ನಿಂದ ಪಕ್ಕದ ಬ್ಲೇಡ್‌ಗೆ ಪಿಂಗ್ ಹೋಗುತ್ತದೆ. ಅಲ್ಲಿಗೆ ಒಳಗಿನ ಭಾಗ ಸರಿಯಿದೆ ಎಂದಾಯಿತು. ‘ಶೋ ಅಪ್‌ಲಿಂಕ್‌ಪೋರ್ಟ್’ ನೋಡಿದರೆ ‘ಎನ್‌ಕ್0:1:ಎಕ್ಸ್5’ ಲಿಂಕ್ಡ್-ಸ್ಟ್ಯಾಂಡ್‌ಬೈ, ‘ಎನ್‌ಕ್0:1:ಎಕ್ಸ್6’ ನಾಟ್ ಲಿಂಕ್ಡ್, ಬೇ 2ರ ಎರಡೂ ಲಿಂಕ್ಡ್-ಆಕ್ಟಿವ್. ರೀಬೂಟ್ ಆದ ಸ್ವಿಚ್‌ನಲ್ಲಿ ಒಂದು ಎಸ್‌ಎಫ್‌ಪಿ ಮತ್ತೆ ಏಳಲೇ ಇಲ್ಲ. ಆಟೋ ಮೋಡ್‌ನಲ್ಲಿ ಮಾಡ್ಯೂಲ್ ಹೆಚ್ಚು ಬ್ಯಾಂಡ್‌ವಿಡ್ತ್ ಇರುವ ಗುಂಪನ್ನೇ ಆಕ್ಟಿವ್ ಮಾಡಿಕೊಳ್ಳುತ್ತದೆ. ಬೇ 2ರಲ್ಲಿ ಎರಡು ಲಿಂಕ್, ಬೇ 1ರಲ್ಲಿ ಒಂದೇ, ಹಾಗಾಗಿ ಸಂಚಾರ ಬೇ 2ರಲ್ಲೇ ಉಳಿದಿದೆ. ಎರಡನೆಯ ಸ್ವಿಚ್‌ನಲ್ಲಿ ‘ಶೋ ಇಂಟರ್‌ಫೇಸಸ್ ಟ್ರಂಕ್’ (ಟ್ರಂಕ್ ಎಂದರೆ ಹಲವು ವಿಲ್ಯಾನ್‌ಗಳನ್ನು ಹೊರುವ ಲಿಂಕ್) ನೋಡಿದರೆ ಅನುಮತಿಸಿದ ವಿಲ್ಯಾನ್‌ಗಳ ಸಾಲಿನಲ್ಲಿ 110 ಮತ್ತು 130 ಇವೆ, 120 ಇಲ್ಲ. 120 ಸೇರಿಸಿದ ದಿನ ಯಾರೋ ಅದನ್ನು ಆಕ್ಟಿವ್ ಆಗಿದ್ದ ಸ್ವಿಚ್‌ಗೆ ಮಾತ್ರ ಸೇರಿಸಿದ್ದಾರೆ. ಸ್ಟ್ಯಾಂಡ್‌ಬೈ ದಾರಿಯಲ್ಲಿ ಅಂದಿನಿಂದ ಯಾರೂ ನಡೆದೇ ಇಲ್ಲವಾದ್ದರಿಂದ ಕೊರತೆ ಯಾರಿಗೂ ಕಂಡಿಲ್ಲ.

ಇಲ್ಲಿ ದೋಷಗಳು ಎರಡು, ಒಂದನ್ನೊಂದು ಮರೆಮಾಡಿಕೊಂಡಿವೆ. ಎಸ್‌ಎಫ್‌ಪಿ ಬದಲಿಸಿದರೆ ಸಂಚಾರ ಬೇ 1ಕ್ಕೆ ಮರಳಿ ದೂರು ನಿಲ್ಲಬಹುದು, ಆದರೆ ಎರಡನೆಯ ಸ್ವಿಚ್‌ನ ಕೊರತೆ ಮುಂದಿನ ರೀಬೂಟ್‌ವರೆಗೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲು ವಿಲ್ಯಾನ್ ಸೇರಿಸಿ, ಬೇ 2ರ ದಾರಿಯಲ್ಲೇ 120 ನಡೆಯುವುದನ್ನು ಖಚಿತಪಡಿಸಿಕೊಂಡು, ಆಮೇಲೆ ಎಸ್‌ಎಫ್‌ಪಿ ಬದಲಿಸುವುದು ಸರಿಯಾದ ಕ್ರಮ. ಹೊಸ ವಿಲ್ಯಾನ್ ಸೇರಿಸಿದ ಪ್ರತಿ ಸಲವೂ ಎರಡೂ ಸ್ವಿಚ್‌ಗಳ ಟ್ರಂಕ್ ಸಾಲನ್ನು ಪಕ್ಕಪಕ್ಕ ಇಟ್ಟು ನೋಡದೆ ಕೆಲಸ ಮುಗಿಯಿತೆಂದು ಬರೆಯಬಾರದು.

ಇದಕ್ಕೇ ಹೊಂದಿಕೊಂಡ ಇನ್ನೊಂದು ದೂರು: ಫೇಲ್‌ಓವರ್ ಆದಾಗ ಸಂಪರ್ಕ ಅರ್ಧ ನಿಮಿಷ ಹೋಗಿ ತಾನಾಗಿ ಬರುತ್ತದೆ. ವರ್ಚುವಲ್ ಕನೆಕ್ಟ್ ಹೊರಗಿನ ಸ್ವಿಚ್‌ನೊಡನೆ ಸ್ಪ್ಯಾನಿಂಗ್ ಟ್ರೀಯಲ್ಲಿ (ಜಾಲದಲ್ಲಿ ಸುತ್ತು ಬೀಳದಂತೆ ನೋಡಿಕೊಳ್ಳುವ ಪ್ರೋಟೋಕಾಲ್) ಭಾಗವಹಿಸುವುದಿಲ್ಲ, ಒಂದು ಅಪ್‌ಲಿಂಕ್‌ನಿಂದ ಬಂದದ್ದನ್ನು ಇನ್ನೊಂದು ಅಪ್‌ಲಿಂಕ್‌ಗೆ ಕಳಿಸುವುದೂ ಇಲ್ಲ. ಸ್ವಿಚ್‌ಗೆ ಇದು ತಿಳಿಯದು. ಲಿಂಕ್ ಎದ್ದಾಗ ಅದು ಲಿಸನಿಂಗ್‌ಗೆ 15 ಸೆಕೆಂಡು, ಲರ್ನಿಂಗ್‌ಗೆ 15 ಸೆಕೆಂಡು ಕಾಯುತ್ತದೆ. ಸ್ವಿಚ್‌ನ ಆ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಿದರೆ, ಸಿಸ್ಕೊದಲ್ಲಾದರೆ ‘ಪೋರ್ಟ್‌ಫಾಸ್ಟ್ ಟ್ರಂಕ್’ ಹಾಕಿದರೆ, ಈ ಕಾಯುವಿಕೆ ಹೋಗುತ್ತದೆ.

ಟ್ಯಾಗ್ ಯಾರು ಹಾಕಬೇಕು

ಪಕ್ಕದ ಬ್ಲೇಡೂ ಸಿಗದಿದ್ದಾಗ ಮೊದಲು ನೋಡಬೇಕಾದದ್ದು ವಿಲ್ಯಾನ್ ಟ್ಯಾಗ್. ಶೇರ್ಡ್ ಅಪ್‌ಲಿಂಕ್ ಸೆಟ್‌ನಲ್ಲಿ ನೆಟ್‌ವರ್ಕ್‌ಗೆ ಕೊಟ್ಟ ವಿಲ್ಯಾನ್ ಸಂಖ್ಯೆ ಹೊರಗಿನ ಸ್ವಿಚ್ಚಿನ ಕಡೆಗೆ ಹೋಗುವ ಪ್ಯಾಕೆಟ್‌ಗೆ ಸಂಬಂಧಿಸಿದ್ದು. ಸರ್ವರ್‌ನ ಕಡೆ ಏನಾಗುತ್ತದೆ ಎಂಬುದನ್ನು ಪ್ರೊಫೈಲ್ ತೀರ್ಮಾನಿಸುತ್ತದೆ. ಫ್ಲೆಕ್ಸ್‌ನಿಕ್‌ಗೆ ಒಂದೇ ನೆಟ್‌ವರ್ಕ್ ಹಂಚಿದ್ದರೆ ಮಾಡ್ಯೂಲ್ ಟ್ಯಾಗನ್ನು ತೆಗೆದು ಬರಿಯ ಪ್ಯಾಕೆಟನ್ನು ಸರ್ವರ್‌ಗೆ ಕೊಡುತ್ತದೆ, ಸರ್ವರ್‌ನಿಂದ ಬಂದ ಬರಿಯ ಪ್ಯಾಕೆಟ್‌ಗೆ ತಾನೇ ಟ್ಯಾಗ್ ಹಾಕಿ ಹೊರಗೆ ಕಳಿಸುತ್ತದೆ. ಈ ಸ್ಥಿತಿಯಲ್ಲಿ, ಬ್ಲೇಡ್ ಮೇಲೆ ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್‌ನ ಪೋರ್ಟ್ ಗ್ರೂಪ್‌ನಲ್ಲಿ ಯಾರಾದರೂ ವಿಲ್ಯಾನ್ 120 ಎಂದು ತುಂಬಿದ್ದರೆ, ಟ್ಯಾಗ್ ಹೊತ್ತು ಬಂದ ಪ್ಯಾಕೆಟ್‌ಗಳು ಮಾಡ್ಯೂಲಿನ ಬಾಗಿಲಲ್ಲೇ ಬಿದ್ದುಹೋಗುತ್ತವೆ. ಲಿಂಕ್ ಇರುತ್ತದೆ, ಕಳಿಸಿದ ಪ್ಯಾಕೆಟ್‌ಗಳ ಲೆಕ್ಕ ಏರುತ್ತಿರುತ್ತದೆ, ಎಲ್ಲಿಂದಲೂ ಉತ್ತರ ಬರುವುದಿಲ್ಲ. ವರ್ಚುವಲೈಸೇಷನ್ ತಂಡವೂ ಬ್ಲೇಡ್ ತಂಡವೂ ಬೇರೆ ಬೇರೆಯಾಗಿರುವ ಕಡೆ ಈ ದೋಷ ಮತ್ತೆ ಮತ್ತೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಎರಡೂ ತಂಡಗಳು ತಮ್ಮ ಪರದೆಯಲ್ಲಿ 120 ಎಂದೇ ಕಾಣುತ್ತವೆ, ಎರಡೂ ತಾವೇ ಸರಿ ಎನ್ನುತ್ತವೆ.

ಫ್ಲೆಕ್ಸ್‌ನಿಕ್‌ಗೆ ‘ಮಲ್ಟಿಪಲ್ ನೆಟ್‌ವರ್ಕ್ಸ್’ ಆರಿಸಿದ್ದರೆ ವಿಚಾರ ತಿರುವುಮುರುವು. ಆಗ ಪ್ರತಿ ನೆಟ್‌ವರ್ಕೂ ಸರ್ವರ್‌ಗೆ ಟ್ಯಾಗ್ ಸಹಿತವೇ ಬರುತ್ತದೆ, ಬೇಕಿದ್ದರೆ ಅವುಗಳಲ್ಲಿ ಒಂದನ್ನು ಮಾತ್ರ ಟ್ಯಾಗ್‌ರಹಿತ ಎಂದು ಗುರುತಿಸಬಹುದು. ಹೈಪರ್‌ವೈಸರ್‌ನಲ್ಲಿ ವಿಲ್ಯಾನ್ ಸಂಖ್ಯೆ ತುಂಬಬೇಕಾದದ್ದು ಈ ಸ್ಥಿತಿಯಲ್ಲಿ. ಸರ್ವರ್ ಕಡೆಯ ವಿಲ್ಯಾನ್ ಸಂಖ್ಯೆ ಅಪ್‌ಲಿಂಕ್ ಕಡೆಯದಕ್ಕಿಂತ ಬೇರೆಯಾಗಿರಲು ವರ್ಚುವಲ್ ಕನೆಕ್ಟ್ ಅವಕಾಶ ಕೊಡುತ್ತದೆ. ವಿಶೇಷ ಅಗತ್ಯವಿಲ್ಲದಿದ್ದರೆ ಅಪ್‌ಲಿಂಕ್ ಸೆಟ್‌ನ ಸಂಖ್ಯೆಗಳನ್ನೇ ಬಳಸುವಂತೆ ಕಡ್ಡಾಯ ಮಾಡುವ ಆಯ್ಕೆಯನ್ನು ಹಾಕಿಡುವುದು ಲೇಸು. ಒಳಗೊಂದು ಹೊರಗೊಂದು ಸಂಖ್ಯೆ ಇಟ್ಟುಕೊಂಡ ಜಾಲವನ್ನು ನಡುರಾತ್ರಿಯಲ್ಲಿ ಬಿಡಿಸುವುದು ಯಾರಿಗೂ ಬೇಡ. ಮೂರನೆಯ ಬಗೆ ವಿಲ್ಯಾನ್ ಟನೆಲಿಂಗ್: ಅಪ್‌ಲಿಂಕ್ ಒಂದು ನೆಟ್‌ವರ್ಕ್‌ಗೇ ಮೀಸಲಾಗಿರುತ್ತದೆ, ಟ್ಯಾಗ್‌ಗಳನ್ನು ಮಾಡ್ಯೂಲ್ ಮುಟ್ಟುವುದೇ ಇಲ್ಲ, ಎಲ್ಲವೂ ಸ್ವಿಚ್ ಮತ್ತು ಸರ್ವರ್ ನಡುವಿನ ಒಪ್ಪಂದ.

ನೇಟಿವ್ ವಿಲ್ಯಾನ್ ಬಗ್ಗೆ ಒಂದು ಮಾತು ಸಾಕು. ಸ್ವಿಚ್‌ನ ಟ್ರಂಕ್‌ನಲ್ಲಿ 120 ನೇಟಿವ್ ಆಗಿದ್ದರೆ ಅದು ಟ್ಯಾಗ್ ಇಲ್ಲದೆ ಬರುತ್ತದೆ. ಅಪ್‌ಲಿಂಕ್ ಸೆಟ್‌ನಲ್ಲಿಯೂ ಅದೇ ನೆಟ್‌ವರ್ಕ್‌ಗೆ ‘ನೇಟಿವ್’ ಗುರುತು ಇರಬೇಕು, ಇಲ್ಲವೇ ಎರಡೂ ಕಡೆ ತೆಗೆದುಬಿಡಬೇಕು.

ಪ್ಯಾಕೆಟ್ ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ಮ್ಯಾಕ್ ಪಟ್ಟಿಯೇ ಒಳ್ಳೆಯ ಸಾಕ್ಷಿ. ‘ಶೋ ಇಂಟರ್‌ಕನೆಕ್ಟ್-ಮ್ಯಾಕ್-ಟೇಬಲ್’ ಕಮಾಂಡ್‌ಗೆ ಮಾಡ್ಯೂಲಿನ ಗುರುತು ಕೊಟ್ಟರೆ ಅದು ಕಲಿತ ವಿಳಾಸಗಳು ಸಿಗುತ್ತವೆ. ಸರ್ವರ್‌ನ ವಿಳಾಸ ಅಲ್ಲಿ ಕಾಣದಿದ್ದರೆ ಪ್ಯಾಕೆಟ್ ಮಾಡ್ಯೂಲನ್ನೇ ದಾಟಿಲ್ಲ. ಅಲ್ಲಿ ಕಂಡು, ಹೊರಗಿನ ಸ್ವಿಚ್‌ನ ಮ್ಯಾಕ್ ಪಟ್ಟಿಯಲ್ಲಿ ಸರಿಯಾದ ವಿಲ್ಯಾನ್‌ನಡಿ ಕಾಣದಿದ್ದರೆ ದೋಷ ಅಪ್‌ಲಿಂಕ್‌ನಲ್ಲಿದೆ. ಎರಡೂ ಕಡೆ ಕಂಡರೆ ಬ್ಲೇಡ್ ಎನ್‌ಕ್ಲೋಷರ್ ಬಿಟ್ಟು ಮುಂದಿನ ರೂಟಿಂಗ್, ಫೈರ್‌ವಾಲ್ ಕಡೆ ಹೋಗಬಹುದು.

ಪ್ರೊಫೈಲ್ ಮತ್ತು ಮ್ಯಾಕ್ ವಿಳಾಸ

ಈಗ ಪ್ರೊಫೈಲ್‌ಗೆ ಬರೋಣ. ಇಲ್ಲಿ ಕಾಣುವ ಸಾಮಾನ್ಯ ದೋಷ, ಸರ್ವರ್ ತನ್ನ ಕಾರ್ಖಾನೆಯ ಮ್ಯಾಕ್ ವಿಳಾಸದೊಂದಿಗೇ ಎದ್ದಿರುವುದು. ವರ್ಚುವಲ್ ಕನೆಕ್ಟ್ ಪ್ರೊಫೈಲ್ ಮೂಲಕ ಮ್ಯಾಕ್ ವಿಳಾಸ ಕೊಡುತ್ತಿದ್ದರೆ ಎಚ್‌ಪಿಯ ಸಿದ್ಧ ಶ್ರೇಣಿಯಲ್ಲಿ ಅದು 00-17-ಎ4-77 ಎಂದು ಶುರುವಾಗುತ್ತದೆ. ಆಪರೇಟಿಂಗ್ ಸಿಸ್ಟಂನಲ್ಲಿ ಬೇರೇನೋ ಕಂಡರೆ ಪ್ರೊಫೈಲ್ ಇಳಿದೇ ಇಲ್ಲ. ಸರ್ವರ್ ಓಡುತ್ತಿದ್ದಾಗ ಪ್ರೊಫೈಲ್ ಹಚ್ಚಿದ್ದರೆ ಹೀಗಾಗುತ್ತದೆ. ಆಪರೇಟಿಂಗ್ ಸಿಸ್ಟಂನಿಂದ ರೀಸ್ಟಾರ್ಟ್ ಕೊಟ್ಟರೆ ಸಾಲದು, ಸರ್ವರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಲಿನಕ್ಸ್‌ನಲ್ಲಿ ಮ್ಯಾಕ್ ಬದಲಾದ ಕಾರಣಕ್ಕೆ ಕಾರ್ಡ್‌ಗಳ ಹೆಸರುಗಳೇ ಅದಲುಬದಲಾಗಿ, ಐಪಿ ವಿಳಾಸ ತಪ್ಪು ಫ್ಲೆಕ್ಸ್‌ನಿಕ್‌ಗೆ ಹೋಗಿ ಕೂತಿರುವುದೂ ಇದೆ. ಹೆಸರಿನಿಂದ ಊಹಿಸದೆ, ‘ಶೋ ಪ್ರೊಫೈಲ್’ ಕೊಡುವ ವಿಳಾಸವನ್ನೂ ‘ಐಪಿ ಲಿಂಕ್’ ಕೊಡುವ ವಿಳಾಸವನ್ನೂ ಸಾಲುಸಾಲಾಗಿ ಹೊಂದಿಸಿ ನೋಡಬೇಕು.

ಇನ್ನೊಂದು ದೋಷ ಅಪರೂಪ, ಆದರೆ ಬಂದರೆ ಪ್ರಾಣ ತಿನ್ನುತ್ತದೆ. ಎಚ್‌ಪಿಯ ಸಿದ್ಧ ಮ್ಯಾಕ್ ಶ್ರೇಣಿಗಳು 64, ಒಂದೊಂದರಲ್ಲಿ 1024 ವಿಳಾಸಗಳು. ಡೊಮೇನ್ ಸ್ಥಾಪಿಸುವಾಗ ಇವುಗಳಲ್ಲಿ ಒಂದನ್ನು ಆರಿಸಬೇಕು, ಅವಸರದಲ್ಲಿರುವವರು ಮೊದಲನೆಯದನ್ನೇ ಆರಿಸುತ್ತಾರೆ. ಒಂದೇ ಜಾಲದಲ್ಲಿ ಎರಡು ಡೊಮೇನ್‌ಗಳು ಮೊದಲ ಶ್ರೇಣಿಯನ್ನೇ ಆರಿಸಿಕೊಂಡಿದ್ದರೆ ಎರಡರಲ್ಲೂ ಮೊದಲ ಪ್ರೊಫೈಲ್‌ಗಳಿಗೆ ಒಂದೇ ವಿಳಾಸ ಬೀಳುತ್ತದೆ. ಎರಡು ಸರ್ವರ್‌ಗಳೂ ಒಮ್ಮೆ ಸಿಗುತ್ತವೆ, ಒಮ್ಮೆ ಸಿಗುವುದಿಲ್ಲ; ಸ್ವಿಚ್‌ನ ಲಾಗ್‌ನಲ್ಲಿ ಒಂದು ಮ್ಯಾಕ್ ವಿಳಾಸ ಎರಡು ಪೋರ್ಟ್‌ಗಳ ನಡುವೆ ಓಲಾಡುತ್ತಿದೆ ಎಂಬ ಎಚ್ಚರಿಕೆ ಸಾಲುಸಾಲಾಗಿ ಬರುತ್ತದೆ. ಒಂದು ಡೊಮೇನ್‌ಗೆ ಬೇರೆ ಶ್ರೇಣಿ ಕೊಟ್ಟು, ಘರ್ಷಿಸುವ ಪ್ರೊಫೈಲ್‌ಗಳನ್ನು ಹೊಸ ವಿಳಾಸಗಳೊಂದಿಗೆ ಮತ್ತೆ ರಚಿಸದೆ ಇದಕ್ಕೆ ಬೇರೆ ಪರಿಹಾರವಿಲ್ಲ. ಹಲವು ಡೊಮೇನ್‌ಗಳಿರುವ ಕಡೆ ವರ್ಚುವಲ್ ಕನೆಕ್ಟ್ ಎಂಟರ್‌ಪ್ರೈಸ್ ಮ್ಯಾನೇಜರ್ ವಿಳಾಸಗಳನ್ನು ಒಂದೇ ಕಡೆಯಿಂದ ಹಂಚುವುದರ ದೊಡ್ಡ ಪ್ರಯೋಜನ ಇದೇ.

ಸ್ಮಾರ್ಟ್‌ಲಿಂಕ್ ಇದ್ದೂ ಸರ್ವರ್‌ಗೆ ತಿಳಿಯದಿದ್ದರೆ

ಹೊರಗಿನ ಅಪ್‌ಲಿಂಕ್‌ಗಳೆಲ್ಲ ಸತ್ತಾಗ ಸರ್ವರ್‌ನ ಕಡೆಯ ಲಿಂಕನ್ನೂ ಬೀಳಿಸುವುದಕ್ಕೆ ‘ಸ್ಮಾರ್ಟ್‌ಲಿಂಕ್’ ಇದೆ. ನೆಟ್‌ವರ್ಕ್ ಮಟ್ಟದಲ್ಲಿ ಅದನ್ನು ಚಾಲೂ ಮಾಡಬೇಕು. ಸರ್ವರ್‌ನಲ್ಲಿ ಎರಡು ಕಾರ್ಡ್‌ಗಳ ಟೀಮಿಂಗ್ (ಎರಡನ್ನೂ ಒಂದರಂತೆ ಬಳಸುವ ಏರ್ಪಾಡು) ಇದ್ದರೆ ಲಿಂಕ್ ಬಿದ್ದ ಕೂಡಲೇ ಸಂಚಾರ ಇನ್ನೊಂದು ಕಾರ್ಡ್‌ಗೆ ಹೊರಳುತ್ತದೆ. ಟೀಮಿಂಗ್ ಇಲ್ಲದ ಸರ್ವರ್‌ಗೆ ಇದರಿಂದ ಲಾಭವಿಲ್ಲ. ಫ್ಲೆಕ್ಸ್‌ನಿಕ್‌ಗಳಲ್ಲಿ ನಾಲ್ಕರಲ್ಲಿ ಒಂದನ್ನು ಮಾತ್ರ ಬೀಳಿಸಬೇಕಾದ್ದರಿಂದ ಮಾಡ್ಯೂಲ್ ಮತ್ತು ಕಾರ್ಡ್ ನಡುವೆ ಡಿಸಿಸಿ ಎಂಬ ನಿಯಂತ್ರಣ ಚಾನೆಲ್ ಬೇಕಾಗುತ್ತದೆ, ಅದಕ್ಕೆ ಕಾರ್ಡ್‌ನ ಫರ್ಮ್‌ವೇರ್ ಮತ್ತು ಡ್ರೈವರ್ ಎರಡರ ಬೆಂಬಲವೂ ಇರಬೇಕು. ಮಾಡ್ಯೂಲಿನ ಫರ್ಮ್‌ವೇರ್ ಹೊಸದು, ಡ್ರೈವರ್ ಹಳೆಯದು ಎಂಬ ಸ್ಥಿತಿಯಲ್ಲಿ ಸ್ಮಾರ್ಟ್‌ಲಿಂಕ್ ಗುರುತು ಹಾಕಿದ್ದರೂ ಸರ್ವರ್‌ನಲ್ಲಿ ಲಿಂಕ್ ಬೀಳುವುದಿಲ್ಲ. ಪರೀಕ್ಷಿಸಬೇಕೆಂದರೆ ಆ ನೆಟ್‌ವರ್ಕ್‌ನ ಎಲ್ಲ ಅಪ್‌ಲಿಂಕ್‌ಗಳನ್ನು ಸ್ವಿಚ್‌ನಲ್ಲಿ ಮುಚ್ಚಬೇಕು. ಒಂದು ಉಳಿದಿದ್ದರೂ, ಅದು ಪಕ್ಕದ ಬೇಯ ಸ್ಟ್ಯಾಂಡ್‌ಬೈ ಪೋರ್ಟ್ ಆಗಿದ್ದರೂ, ಸ್ಮಾರ್ಟ್‌ಲಿಂಕ್ ಸುಮ್ಮನಿರುತ್ತದೆ.

ಇದಕ್ಕೆ ವಿರುದ್ಧವಾಗಿ, ಒಂದೇ ಬ್ಲೇಡ್‌ನ ಲಿಂಕ್ ಕಾರಣವಿಲ್ಲದೆ ಬಿದ್ದಿದ್ದರೆ ‘ಶೋ ಪೋರ್ಟ್-ಪ್ರೊಟೆಕ್ಟ್’ ನೋಡಬೇಕು. ಸರ್ವರ್‌ನ ಕಾರ್ಡ್ ‘ಪಾಜ್’ ಫ್ರೇಮ್‌ಗಳ (ತುಸು ಹೊತ್ತು ಕಳಿಸುವುದನ್ನು ನಿಲ್ಲಿಸಿ ಎಂಬ ಸಂಕೇತಗಳ) ಪ್ರವಾಹ ಹರಿಸಿದರೆ ಉಳಿದವರನ್ನು ಉಳಿಸಲು ಮಾಡ್ಯೂಲ್ ಆ ಪೋರ್ಟನ್ನು ಮುಚ್ಚುತ್ತದೆ, ಮತ್ತು ಅದು ತಾನಾಗಿ ತೆರೆಯುವುದಿಲ್ಲ. ‘ರೀಸೆಟ್ ಪೋರ್ಟ್-ಪ್ರೊಟೆಕ್ಟ್’ ಕೊಟ್ಟರೆ ತೆರೆಯುತ್ತದೆ. ಸರ್ವರ್ ಹ್ಯಾಂಗ್ ಆಗಿದ್ದಕ್ಕೋ ಡ್ರೈವರ್ ಕೆಟ್ಟದ್ದಕ್ಕೋ ಪ್ರವಾಹ ಬಂದಿದ್ದರೆ ಅದನ್ನು ಸರಿಪಡಿಸದೆ ರೀಸೆಟ್ ಮಾಡುವುದು ವ್ಯರ್ಥ.

ಬದಲಾವಣೆಯನ್ನೇ ಒಪ್ಪದ ಮ್ಯಾನೇಜರ್

ದೋಷ ಸಿಕ್ಕಿತು, ಸರಿಪಡಿಸಲು ಹೊರಟರೆ ಪರದೆಯಲ್ಲಿ ಗುಂಡಿಗಳೆಲ್ಲ ಮಂಕಾಗಿವೆ, ಕಮಾಂಡ್ ಲೈನ್ ಅನುಮತಿ ಇಲ್ಲ ಎನ್ನುತ್ತದೆ. ಬಳಕೆದಾರನ ಹಕ್ಕುಗಳನ್ನು ನೋಡುವ ಮೊದಲು ‘ಶೋ ಎಕ್ಸ್‌ಟರ್ನಲ್-ಮ್ಯಾನೇಜರ್’ ಓಡಿಸುವುದು ಒಳಿತು. ಡೊಮೇನ್ ಎಂಟರ್‌ಪ್ರೈಸ್ ಮ್ಯಾನೇಜರ್‌ನ ಅಧೀನದಲ್ಲಿದ್ದರೆ ಪ್ರೊಫೈಲ್ ಮತ್ತು ನೆಟ್‌ವರ್ಕ್ ಬದಲಾವಣೆಗಳಿಗೆ ಸ್ಥಳೀಯ ಬಾಗಿಲು ಮುಚ್ಚಿರುತ್ತದೆ. ಅಲ್ಲಿಂದಲೇ ಡೊಮೇನನ್ನು ಮೇಂಟೆನನ್ಸ್ ಸ್ಥಿತಿಗೆ ತಂದು, ಕೆಲಸ ಮುಗಿಸಿ, ಮತ್ತೆ ಅದರ ಕೈಗೊಪ್ಪಿಸಬೇಕು. ಹೊರಗಿನ ಮ್ಯಾನೇಜರನ್ನು ಕಿತ್ತುಹಾಕುವ ಕಮಾಂಡೂ ಇದೆ. ಅದು ಆ ಮ್ಯಾನೇಜರ್ ಸರ್ವರ್ ಮರಳಿ ಬಾರದ ಹಾಗೆ ಹಾಳಾದಾಗ ಬಳಸುವಂಥದ್ದು, ಅವಸರಕ್ಕಲ್ಲ.

ಮಾಡ್ಯೂಲಿನ ಸ್ಥಿತಿ ‘ನೋ-ಕಾಮ್’ (ಮ್ಯಾನೇಜರ್‌ಗೆ ಅದು ಸಿಗುತ್ತಿಲ್ಲ) ಎಂದಿದ್ದರೆ ಅದರ ನಿರ್ವಹಣಾ ಐಪಿ ವಿಳಾಸ ಹೋಗಿದೆಯೇ ಎಂದು ಎನ್‌ಕ್ಲೋಷರ್‌ನ ನಿರ್ವಹಣಾ ಘಟಕವಾದ ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್‌ನಲ್ಲಿ ನೋಡಬೇಕು. ನಿರ್ವಹಣೆ ಕಡಿದುಹೋದ ಮಾತ್ರಕ್ಕೆ ಮಾಡ್ಯೂಲ್ ಪ್ಯಾಕೆಟ್ ಸಾಗಿಸುವುದನ್ನು ನಿಲ್ಲಿಸಿರಬೇಕೆಂದಿಲ್ಲ. ಆದ್ದರಿಂದ ಹಗಲು ಹೊತ್ತಿನಲ್ಲಿ ಅದಕ್ಕೆ ರೀಸೆಟ್ ಕೊಡಲು ಕೈ ಹಾಕುವ ಮೊದಲು ಸರ್ವರ್‌ಗಳು ನಿಜಕ್ಕೂ ತೊಂದರೆಯಲ್ಲಿವೆಯೇ ಎಂದು ಕೇಳಿಕೊಳ್ಳಬೇಕು. ಈ ಹಂತದಲ್ಲಿ ವರ್ಚುವಲ್ ಕನೆಕ್ಟ್ ಸಪೋರ್ಟ್ ಯುಟಿಲಿಟಿಯ ‘ಹೆಲ್ತ್‌ಚೆಕ್’ ಉಪಯುಕ್ತ. ಅದನ್ನು ಬೇರೆ ಕಂಪ್ಯೂಟರ್‌ನಿಂದ, ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್‌ನ ವಿಳಾಸ ಕೊಟ್ಟು ಓಡಿಸಬೇಕು. ಪ್ರತಿ ಮಾಡ್ಯೂಲಿನ ಆರೋಗ್ಯ, ಮುಖ್ಯ ಮತ್ತು ಕಾದಿರುವ ಪ್ರತಿಗಳ ಸಂರಚನೆ ಒಂದಕ್ಕೊಂದು ತಾಳೆಯಾಗಿದೆಯೇ ಎಂಬುದನ್ನು ಅದು ಹೇಳುತ್ತದೆ. ತಾಳೆಯಾಗದೆ ಇರುವಾಗ ಬೇ 1ರ ಮಾಡ್ಯೂಲನ್ನು ಕೀಳುವುದಾಗಲೀ ಫರ್ಮ್‌ವೇರ್ ಏರಿಸುವುದಾಗಲೀ ಮಾಡಬಾರದು.

ದೋಷ ನಿವಾರಣೆಯಾದ ಮೇಲೆ ‘ಸೇವ್ ಕಾನ್ಫಿಗ್‌ಬ್ಯಾಕಪ್’ ಮೂಲಕ ಹೊಸ ಸಂರಚನೆಯನ್ನು ಎನ್‌ಕ್ಲೋಷರ್‌ನ ಹೊರಗಿನ ಯಂತ್ರಕ್ಕೆ ಉಳಿಸಿ, ಹಳೆಯ ಬ್ಯಾಕಪ್ ಕಡತದ ಹೆಸರಿನಲ್ಲಿ ‘ಬದಲಾವಣೆಗೆ ಮೊದಲು’ ಎಂದು ಸೇರಿಸಿಡಬೇಕು. ತಯಾರಕರ ನೆರವು ಬೇಕಾಗಬಹುದು ಎಂದು ಅನ್ನಿಸಿದರೆ ‘ಸೇವ್ ಸಪೋರ್ಟ್‌ಇನ್‌ಫೋ’ ಕಡತವನ್ನು ಯಾವ ಮಾಡ್ಯೂಲನ್ನೂ ರೀಸೆಟ್ ಮಾಡುವ ಮೊದಲೇ ತೆಗೆದುಕೊಂಡು, ಅದರ ಜೊತೆ ಸ್ವಿಚ್‌ನ ಟ್ರಂಕ್ ಮತ್ತು ಚಾನೆಲ್ ಪಟ್ಟಿಗಳನ್ನೂ ಸೇರಿಸಿ ಕಳಿಸಬೇಕು. ಅವಿಲ್ಲದೆ ಕಳಿಸಿದರೆ ಮೊದಲ ಉತ್ತರದಲ್ಲಿ ಕೇಳುವುದೇ ಅವನ್ನು.